ಮೂವತ್ತೆರಡು ಮಾತ್ರೆಯ ಮೌನ

"ಹಿಂಗೆ ನಿಂತ್ರೆ ನಿಮ್ಮ ಬೆನ್ನಷ್ಟೇ ಕಾಣೂದು ಸರ್," ಎಂದ ಉಲ್ಲಾಸ, ಕ್ಯಾಮೆರಾದ ಹಿಂದಿನಿಂದ ತಲೆ ಹೊರಗೆ ಹಾಕಿ.

ನಾಗಪತಿ ಮಾಸ್ತರು ವೇದಿಕೆಯ ಮೇಲಿಂದ ತಿರುಗಿ ನೋಡಿದರು. ಅವರ ಎದುರಿಗೆ ಇಪ್ಪತ್ತೆರಡು ಮಂದಿ ವಾದ್ಯದವರು ಅರ್ಧಚಂದ್ರಾಕಾರದಲ್ಲಿ ಕೂತು ಶ್ರುತಿ ಮಾಡಿಕೊಳ್ಳುತ್ತಿದ್ದರು. ಕ್ಯಾಮೆರಾ ಇದ್ದದ್ದು ಮಾಸ್ತರ ಬೆನ್ನ ಹಿಂದೆ, ಸಭಾಂಗಣದ ನಡುವೆ ಹಾಕಿದ ಊಟದ ಮೇಜಿನ ಮೇಲೆ. ಅದರ ವಯರು ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿನದು ಕಿಟಕಿ ಹಾರಿ ಪಕ್ಕದಲ್ಲಿದ್ದ ಉಲ್ಲಾಸನ ಕಂಪ್ಯೂಟರ್ ಅಂಗಡಿಗೆ.

"ಅದನ್ನ ಒಂಚೂರು ಮುಂದೆ, ಈ ಬದಿಗೆ ತಂದಿಡಲಿಕ್ಕೆ ಆಗೂದಿಲ್ವನ?"

"ವಯರ್ ಇಷ್ಟೇ ಉದ್ದ ಸರ್. ಇನ್ನೂ ಎಳೆದ್ರೆ ಅಂಗಡಿ ಟೆಲಿಫೋನೂ ಕೂಡೇ ಬಂದುಬಿಡ್ತದೆ."

ವಾದ್ಯವೃಂದ ನಡೆಸುವವನ ಬೆನ್ನನ್ನೇ ಜನ ನೋಡುವುದು. ಮಾಸ್ತರು ಮೂವತ್ತು ವರ್ಷದಿಂದ ಜನರಿಗೆ ಬೆನ್ನು ಹಾಕಿಯೇ ಹೆಸರು ಮಾಡಿದವರು. ಅವರು ಸಂಗೀತ ಕಲಿಸುತ್ತಿದ್ದ ಸಿದ್ದಾಪುರದ ಹೈಸ್ಕೂಲಿನ ಶಿಕ್ಷಕರ ಕೊಠಡಿಯಲ್ಲಿ ಇದೊಂದು ಹಳೆಯ ತಮಾಷೆ. ಅದಕ್ಕಾಗಿ ಅವರು ಒಂದು ದಿನವೂ ಬೇಸರ ಮಾಡಿಕೊಂಡಿರಲಿಲ್ಲ. ಇವತ್ತು ಬೇಸರವಾಯಿತು. ಐದು ಗಂಟೆಗೆ ಯಲ್ಲಾಪುರದಲ್ಲಿ ಒಂದು ಕಂಪ್ಯೂಟರಿನ ಮುಂದೆ ಅವರ ಹೆಂಡತಿ ವೇದಾ ಕೂರುವವಳಿದ್ದಳು. ಆರು ವರ್ಷದಿಂದ ಅವಳು ಗಂಡನ ಮುಖ ನೋಡಿರಲಿಲ್ಲ. ಇವತ್ತೂ ನೋಡುವ ಹಾಗಿಲ್ಲ ಅಂದ ಹಾಗಾಯಿತು.

ಎರಡು ಸಾವಿರದ ಒಂಬತ್ತನೇ ಇಸವಿಯ ಫೆಬ್ರವರಿಯ ಒಂದು ಭಾನುವಾರ. ಶಿರಸಿಯಲ್ಲಿ ಇಂಟರ್ನೆಟ್ ಅಂದರೆ ಪರೀಕ್ಷೆಯ ಫಲಿತಾಂಶ ನೋಡುವುದಕ್ಕೆ ಇರುವ ಅನುಕೂಲ ಎಂದು ಬಹಳ ಜನ ತಿಳಿದಿದ್ದ ಕಾಲ. ಪುಣೆಯ ಒಂದು ಸಂಸ್ಥೆಯವರು ಹೊಸ ವಾದ್ಯವೃಂದ ರಚನೆಗಳನ್ನು ಊರೂರುಗಳಿಂದ ಆರಿಸಿ, ಅಲ್ಲಿಂದಲೇ ಇಂಟರ್ನೆಟ್ಟಿನಲ್ಲಿ ನೇರವಾಗಿ ತೋರಿಸುವ ಯೋಜನೆ ಹಾಕಿದ್ದರು. ಮಾಸ್ತರ 'ರಚನೆ ನಾಲ್ಕು' ಅದರಲ್ಲಿ ಸೇರಿತ್ತು. ಟೆಲಿಫೋನ್ ತಂತಿ ಎಟುಕುವ ಜಾಗ ಎಂದು ಹುಡುಕಿದಾಗ ಸಿಕ್ಕಿದ್ದು ಈ ಕಲ್ಯಾಣ ಮಂಟಪ ಒಂದೇ. ವೇದಿಕೆಯ ಹಿಂದಿನ ಪರದೆಯ ಮೇಲೆ ಹಿಂದಿನ ವಾರದ ವಧೂವರರ ಥರ್ಮಾಕೋಲ್ ಹೆಸರುಗಳ ಅಂಟು ಇನ್ನೂ ಹಾಗೇ ಇತ್ತು.

ಆ ರಚನೆಯ ಬಗ್ಗೆ ತ್ಯಾಗಲಿಯ ಅವರ ನೆಂಟರೊಬ್ಬರು ಮೊನ್ನೆ ವಿಚಾರಣೆ ನಡೆಸಿದ್ದರು.

"ಯಾವ ರಾಗ ಅದು, ನಾಗಪತಿ?"

"ರಾಗ ಹೇಳಿ ಎಂತದೂ ಇಲ್ಲೆ."

"ತಾಳ?"

"ಇದ್ದು, ಅಲ್ಲಲ್ಲಿ."

"ಹಾಡದು ಯಾರು?"

"ಯಾರೂ ಇಲ್ಲೆ."

"ಹಂಗಾರೆ ಕೇಳಲೆ ಎಂತ ಇದ್ದು ಮಾರಾಯ?" ಎಂದು ನೆಂಟರು ಎಲೆಗೆ ಸುಣ್ಣ ಸವರಿದ್ದರು. ಆದರೂ ಇವತ್ತು ಬಂದು ಎರಡನೇ ಸಾಲಿನಲ್ಲಿ ಕೂತಿದ್ದರು. ಊರಿನವರು ಬೈದಾದರೂ ಬರುತ್ತಾರೆ, ಅದು ದೊಡ್ಡ ಗುಣ.

ಕೇಳಲು ಏನಿದೆ ಎಂಬ ಪ್ರಶ್ನೆಗೆ ಮಾಸ್ತರ ಬಳಿ ಒಂದು ಉತ್ತರವಿತ್ತು, ಯಾರಿಗೂ ಹೇಳುವಂಥದ್ದಲ್ಲ. ಆ ರಚನೆಯ ನಡುವೆ ಒಂದು ಕಡೆ ಎಲ್ಲ ವಾದ್ಯಗಳೂ ನಿಲ್ಲುತ್ತವೆ. ಮೂವತ್ತೆರಡು ಮಾತ್ರೆಗಳ ಕಾಲ, ಹತ್ತಿರ ಹತ್ತಿರ ಅರ್ಧ ನಿಮಿಷ, ಏನೂ ಕೇಳಿಸುವುದಿಲ್ಲ. ಉಳಿದದ್ದೆಲ್ಲ ಅದರ ಮುಂಚಿನದು ಮತ್ತು ನಂತರದ್ದು, ಅಷ್ಟೇ. ನಾಲ್ಕು ವರ್ಷ ಅವರು ಬರೆದದ್ದು ನಿಜವಾಗಿ ಆ ಅರ್ಧ ನಿಮಿಷವನ್ನು.

ಅಭ್ಯಾಸದಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದೂ ಅದೇ. ಪಿಟೀಲಿನವರು, ಕೊಳಲಿನವರು ಹೇಗೋ ಒಪ್ಪಿದರು. ಒಪ್ಪದವನು ಸನಾದಿಯ ಮಡಿವಾಳಪ್ಪ. ಬನವಾಸಿ ಕಡೆಯವನು, ಅರವತ್ತು ದಾಟಿದವನು, ಮೂರು ತಾಲೂಕಿನ ಮದುವೆಗಳಿಗೆ ಊದಿ ಊದಿ ಕೆನ್ನೆ ಜೋತುಬಿದ್ದವನು. ಅವನನ್ನೂ ಅವನ ಜೊತೆ ಡೋಲು ಬಾರಿಸುವ ಸಂಗಯ್ಯನನ್ನೂ ಮಾಸ್ತರು ಹಟ ಹಿಡಿದು ವೃಂದಕ್ಕೆ ಸೇರಿಸಿಕೊಂಡಿದ್ದರು.

"ಮಾಸ್ತರ್ರ, ಸುಮ್ನ ಕುಂದ್ರಾಕ ನಮ್ಮನ್ಯಾಕ ಕರಸೀರಿ?" ಎಂದು ಅವನು ಮೊದಲ ದಿನವೇ ಕೇಳಿದ್ದ. "ಸುಮ್ನ ಕುಂದ್ರೋರು ಊರಾಗ ಭಾಳ ಮಂದಿ ಅದಾರ."

"ಸುಮ್ಮನೆ ಕೂರೂದೂ ಒಂದು ವಾದ್ಯವೇ ಅಂತ ತಿಳ್ಕ ಮಡಿವಾಳಪ್ಪ. ನಾನು ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡೆ ಅಂದ್ರೆ ನಿಲ್ಲಬೇಕು. ಮುಷ್ಟಿ ಕೆಳಗಿಳಿಸೋವರೆಗೆ ಉಸಿರೂ ಕೇಳಬಾರದು."

"ಆತ್ರಿ. ನೀವು ಮುಷ್ಟಿ ಹಿಡೀರಿ, ನಾ ಬಾಯಿ ಹಿಡೀತೀನಿ."

ಒಂದೂವರೆ ತಿಂಗಳಲ್ಲಿ ಅವನು ಕಲಿತ. ಎದೆಯ ಮೇಲೆ ಮುಷ್ಟಿ ಬಿದ್ದರೆ ಕಣ್ಣು ಆ ಕೈಯ ಮೇಲೇ ನೆಟ್ಟು, ಸನಾದಿಯನ್ನು ತೊಡೆಯ ಮೇಲಿಟ್ಟು, ಶಾಲೆಯಲ್ಲಿ ಶಿಕ್ಷೆಗೆ ಕೂತ ಮಗುವಿನ ಹಾಗೆ ಕೂರುತ್ತಿದ್ದ.

ಆ ಮೌನ ಏನೆಂದು ಅವನು ಕೇಳಲಿಲ್ಲ, ಮಾಸ್ತರು ಹೇಳಲಿಲ್ಲ. ಹೇಳಬೇಕಾದರೆ ಮಗಳು ಸಮೃದ್ಧಿಯಿಂದ ಶುರು ಮಾಡಬೇಕಿತ್ತು. ಹೆಸರು ಆ ಕಾಲಕ್ಕೆ ತೀರ ಹೊಸದು, ಮಾಸ್ತರೇ ಹುಡುಕಿ ಇಟ್ಟದ್ದು. ಇಪ್ಪತ್ತಮೂರನೇ ವಯಸ್ಸಿಗೆ ಅವಳು ಅಪ್ಪನ ವೃಂದದಲ್ಲಿ ಮೊದಲ ಪಿಟೀಲು. ವೈಶಾಖದಲ್ಲಿ ಮದುವೆ ನಿಶ್ಚಯವಾಗಿ ಕಾಗದ ಅಚ್ಚಾಗಿ ಬಂದಿತ್ತು. ಆರು ವರ್ಷದ ಹಿಂದಿನ ಮಾರ್ಚಿನಲ್ಲಿ ಸಿದ್ದಾಪುರದ ಹಳ್ಳಿಗಳಲ್ಲಿ ಮಂಗಗಳು ಸಾಯುತ್ತಿದ್ದವು, ಮಂಗನ ಕಾಯಿಲೆಯ ಸುದ್ದಿ ಎಲ್ಲರ ಬಾಯಲ್ಲಿತ್ತು. ಸಮೃದ್ಧಿಗೆ ಜ್ವರ ಬಂತು. ಮೂರನೇ ದಿನಕ್ಕೆ ಕಣ್ಣು ಕೆಂಪಾಯಿತು. ಆಸ್ಪತ್ರೆಗೆ ಒಯ್ಯೋಣ ಎಂದು ವೇದಾ ಹೇಳಿದಳು. ಮರುದಿನ ಹುಬ್ಬಳ್ಳಿಯಲ್ಲಿ ಕಾರ್ಯಕ್ರಮ. "ಇದೊಂದು ಮುಗಿಯಲಿ, ನಾಡಿದ್ದು ಕರ್ಕಂಡು ಹೋಪ," ಎಂದರು ಮಾಸ್ತರು. ಅಪ್ಪ ಹೇಳಿದ್ದಕ್ಕೆ ಮಗಳು ತಲೆಯಾಡಿಸಿದಳು. ಎರಡು ಮಾತ್ರೆ ನುಂಗಿ, ಒಂದೂವರೆ ತಾಸು, ಒಂದು ಸ್ವರ ತಪ್ಪದೆ ನುಡಿಸಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಮೂಗಿನಿಂದ ರಕ್ತ ಬಂತು. ಜ್ವರದ ಎಂಟನೇ ದಿನ, ಮಣಿಪಾಲದಲ್ಲಿ, ಹೋದಳು.

ವೇದಾ ಅಳಲಿಲ್ಲ. ನೋಡಲು ಬಂದವರಿಗೆಲ್ಲ ಚಹಾ ಮಾಡಿಕೊಟ್ಟಳು. ಹದಿಮೂರು ದಿನ ಕಳೆದ ಮೇಲೆ ಒಂದು ಬ್ಯಾಗು ತುಂಬಿಸಿಕೊಂಡು ಜಗಲಿಗೆ ಬಂದು ನಿಂತು ಹೇಳಿದಳು: "ನಿಂಗಕ್ಕೆ ತಾಳ ತಪ್ಪಿದ್ರೆ ಗೊತ್ತಾಗ್ತು. ಕೂಸಿನ ಮೈ ಸುಡದು ಗೊತ್ತಾಗ್ತಿಲ್ಲೆ." ಅಷ್ಟು ಹೇಳಿ ಯಲ್ಲಾಪುರದ ಬಳಿ ವಜ್ರಳ್ಳಿಯ ಅಣ್ಣನ ಮನೆಗೆ ಹೋದವಳು ಮತ್ತೆ ಬರಲಿಲ್ಲ.

ಮಾಸ್ತರು ಮೂರು ಸಲ ವಜ್ರಳ್ಳಿಗೆ ಹೋಗಿದ್ದರು. ಮೂರು ಸಲವೂ ಅವಳು ಒಳಗೇ ಉಳಿದಳು, ಇವರು ಜಗಲಿಯಲ್ಲಿ ಕೂತು ಭಾವನ ಜೊತೆ ಅಡಿಕೆ ದರ ಮಾತಾಡಿ ಎದ್ದು ಬಂದರು. ಅವಳು ಹೊರಗೆ ಬಂದಿದ್ದರೂ ಹೇಳಲು ಮಾತಿರಲಿಲ್ಲ. ಯಾವ ಮಾತು ಇಟ್ಟರೂ ಅದು ಸಬೂಬು ಆಗುತ್ತಿತ್ತು. ಅವರು ಬಲ್ಲದ್ದು ಒಂದೇ ಕೆಲಸ. ಅದರಲ್ಲೇ, ಎಲ್ಲ ವಾದ್ಯಗಳನ್ನೂ ಒಂದು ಜಾಗದವರೆಗೆ ಕರೆದುಕೊಂಡು ಹೋಗಿ ನಿಲ್ಲಿಸಿ, ತನಗೆ ಹೇಳಲು ಏನೂ ಇಲ್ಲ ಎಂಬುದನ್ನು ಹೇಳಬೇಕೆಂದು ಹೊರಟರು. ಹತ್ತು ದಿನದ ಹಿಂದೆ ಅವಳಿಗೊಂದು ಕಾರ್ಡು ಹಾಕಿದ್ದರು. ದಿನ, ಸಮಯ, ಆಮೇಲೆ ಒಂದೇ ಸಾಲು: ನಿನಗೆ ಹೇಳಬೇಕಾದ್ದು ಅದರಲ್ಲಿದೆ.

ಐದಕ್ಕೆ ಹತ್ತು ನಿಮಿಷ ಇರುವಾಗ ಉಲ್ಲಾಸ ಮೊಬೈಲು ತಂದು ಕೊಟ್ಟ. ವೇದಾಳ ಅಣ್ಣನ ಮಗಳು ಅಭಿಜ್ಞಾ, ಯಲ್ಲಾಪುರದ ಕಾಲೇಜಿನಲ್ಲಿ ಪಾಠ ಮಾಡುವವಳು, ಪಿಸುಗುಟ್ಟುವ ಧ್ವನಿಯಲ್ಲಿ ಮಾತಾಡಿದಳು.

"ಮಾವಾ, ಅತ್ತೆ ಇಲ್ಲಿಗೆ ಬೈಂದು. ಕುರ್ಚಿ ಎಳ್ಕಂಡು ಕೂತ್ಗಂಡಿದ್ದು. ಎಂತ ಕೇಳಿರೂ ಮಾತಾಡ್ತಿಲ್ಲೆ."

"ಚಿತ್ರ ಕಾಣ್ತ?"

"ಕಾಣ್ತು. ಆಗಾಗ ಹಿಡ್ಕಂಡು ನಿಂತ್ಗಳ್ತು. ಲೈನ್ ಕಟ್ ಆತನ ಹೇಳಿ ಎರಡು ಸಲ ಎದ್ದು ವಯರ್ ನೋಡ್ದಿ."

ಅದನ್ನು ಯೋಚಿಸಲು ಮಾಸ್ತರಿಗೆ ಹೊತ್ತಿರಲಿಲ್ಲ. ಮೊಬೈಲು ವಾಪಸು ಕೊಟ್ಟು, ಶಾಲು ತೆಗೆದಿಟ್ಟು, ಜನರಿಗೆ ನಮಸ್ಕಾರ ಮಾಡಿ ತಿರುಗಿ ನಿಂತರು.

ಪಿಟೀಲುಗಳು ಶುರುವಾದವು. ಆರೂ ಪಿಟೀಲು ಒಂದೇ ಸ್ವರದಲ್ಲಿ ಹೊರಟು, ನಿಧಾನವಾಗಿ ಒಂದರಿಂದ ಒಂದು ಕೂದಲೆಳೆಯಷ್ಟು ಸರಿದು, ಒಂದಕ್ಕೊಂದು ಉಜ್ಜತೊಡಗಿದವು. ಎರಡನೇ ಸಾಲಿನ ನೆಂಟರು ಹುಳಿ ತಿಂದವರ ಹಾಗೆ ಮುಖ ಮಾಡಿದರು. ಸಂಗಯ್ಯ ಡೋಲಿನ ಅಂಚಿನ ಮೇಲೆ ಬೆರಳ ತುದಿಯಿಂದ ಬಡಿತ ಹಿಡಿದ. ಅದು ಜ್ವರ ಬಂದವರ ನಾಡಿಯಷ್ಟು ಬಿರುಸು, ಅಷ್ಟೇ ಮೆಲ್ಲಗೆ. ಕೊಳಲುಗಳು ಒಂದು ಸಣ್ಣ ಪ್ರಶ್ನೆ ಕೇಳಿ ಬಿಟ್ಟವು, ಮತ್ತೆ ಕೇಳಿದವು. ಕ್ಲಾರಿನೆಟ್ಟು ಉತ್ತರ ಕೊಡಲು ಬಂದು ಅರ್ಧಕ್ಕೆ ತಡೆಯಿತು. ಅಭ್ಯಾಸದಲ್ಲಿ ಒಂದು ದಿನವೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಜನ ಕೆಮ್ಮುವುದನ್ನು ನಿಲ್ಲಿಸಿದ್ದರು. ಮಾಸ್ತರ ಎಡಗೈ ಒಬ್ಬೊಬ್ಬರನ್ನೇ ಕರೆಯಿತು, ಬಲಗೈ ಹಿಡಿದು ಮೇಲಕ್ಕೆ ಒಯ್ಯಿತು. ಮಡಿವಾಳಪ್ಪನ ಸನಾದಿ ಎಲ್ಲದರ ಮೇಲೆ ಎದ್ದು, ತಾರಸ್ಥಾಯಿಯ ಒಂದು ಸ್ವರದಲ್ಲಿ ನಡುಗುತ್ತ ನಿಂತಿತು. ಅಲ್ಲಿಗೆ ಮಾಸ್ತರು ಮುಷ್ಟಿ ಕಟ್ಟಿ ಎದೆಗೆ ಒತ್ತಿದರು.

ಎಲ್ಲವೂ ನಿಂತಿತು.

ಒಂದು, ಎರಡು, ಮೂರು ಎಂದು ಅವರು ಒಳಗೇ ಎಣಿಸಿದರು. ನಾಲ್ಕನೆಯದಕ್ಕೆ ಅಭಿಜ್ಞಾಳ ಮಾತು ನೆನಪಾಯಿತು. ಯಲ್ಲಾಪುರದಲ್ಲಿ ಈಗ ಕಾಣುವುದು ಒಂದು ಬೆನ್ನು, ಅಲುಗದ ಬೆನ್ನು. ಕೇಳುವುದು ಏನೂ ಇಲ್ಲ. ಮುಷ್ಟಿ ಮೈಯ ಈಚೆ ಬದಿಗೆ ಅಡಗಿದೆ. ಲೈನು ಹೋಯಿತು ಎಂದು ಅಭಿಜ್ಞಾ ಎದ್ದು ವಯರು ಹಿಡಿದು ಅಲುಗಾಡಿಸುತ್ತಾಳೆ, ವೇದಾ ಕುರ್ಚಿ ಹಿಂದೆ ತಳ್ಳಿ ಏಳುತ್ತಾಳೆ. ನಾಲ್ಕು ವರ್ಷ ಬರೆದದ್ದು ಟೆಲಿಫೋನ್ ತಂತಿಯ ದೋಷ ಎಂದಾಗುತ್ತದೆ. ಇದು ಕೆಟ್ಟು ನಿಂತದ್ದಲ್ಲ, ನಾನು ನಿಲ್ಲಿಸಿದ್ದು ಎಂದು ಅವಳಿಗೆ ಹೇಗಾದರೂ ತಿಳಿಯಬೇಕಿತ್ತು. ಅಷ್ಟೇ ಅವರ ತಲೆಯಲ್ಲಿದ್ದದ್ದು. ಎದೆಯಿಂದ ಕೈ ತೆಗೆದು, ಬೆರಳು ಬಿಚ್ಚಿ, ತಲೆಯ ಮೇಲೆ ಎತ್ತಿ ಹಿಡಿದರು.

ಮಡಿವಾಳಪ್ಪ ಆ ಕೈ ನೋಡಿದ.

ಇದೇ ಮಂಟಪದಲ್ಲಿ ಅವನು ಏನಿಲ್ಲವೆಂದರೂ ಮುನ್ನೂರು ಮುಹೂರ್ತಗಳಿಗೆ ಊದಿದ್ದ. ಜನರ ಗುಂಪಿನಲ್ಲಿ ವಧೂವರರು ಅವನಿಗೆ ಎಂದೂ ಕಂಡವರಲ್ಲ. ಕಾಣುತ್ತಿದ್ದದ್ದು ತಲೆಗಳ ಮೇಲೆ ಎದ್ದ ಪುರೋಹಿತರ ಕೈ ಒಂದೇ. ಕೈ ಎದ್ದರೆ ಊದಬೇಕು, ಇಳಿದರೆ ನಿಲ್ಲಿಸಬೇಕು. ಅದಕ್ಕೆ ಯೋಚನೆ ಬೇಕಾಗಿರಲಿಲ್ಲ. ಒಂದೂವರೆ ತಿಂಗಳ ಅಭ್ಯಾಸ ನಲವತ್ತೈದು ವರ್ಷದ ಮುಂದೆ ಎಷ್ಟರದ್ದು? ಸನಾದಿ ತುಟಿಗೆ ಹೋದದ್ದೇ ಅವನಿಗೆ ಗೊತ್ತಾಗಲಿಲ್ಲ. ಗಟ್ಟಿಮೇಳ ಛಾವಣಿ ಹಾರುವ ಹಾಗೆ ಎದ್ದಿತು. ಪಕ್ಕದಲ್ಲೇ ಸಂಗಯ್ಯನ ಡೋಲು ಬಿರುಸಾಗಿ ಬಿತ್ತು.

ಸಭೆಯಲ್ಲಿ ಮುಂದಿನ ಸಾಲಿನ ಹೆಂಗಸರು ಧಡಕ್ಕನೆ ಎದ್ದು ನಿಂತರು. ಒಂದಿಬ್ಬರ ಬಲಗೈ ತನ್ನಿಂದ ತಾನೇ ಎಡಗೈಯೊಳಗೆ ಅಕ್ಷತೆ ಹುಡುಕಿತು. ನೆಂಟರೂ ಎದ್ದರು. ಮತ್ತೆ ಒಬ್ಬರ ಮುಖ ಒಬ್ಬರು ನೋಡಿ, ನಾಚಿ, ಕೆಲವರು ನಕ್ಕು, ಕೆಲವರು ಚಪ್ಪಾಳೆ ತಟ್ಟಿ ಕೂತರು.

ಮಾಸ್ತರ ಕೈ ಮೇಲೆಯೇ ಇತ್ತು. ಇಳಿಸಿದ್ದರೆ ಆ ಕ್ಷಣಕ್ಕೆ ನಿಲ್ಲುತ್ತಿತ್ತು. ಮೊದಲು ಬಂದದ್ದು ಸಿಟ್ಟೇ, ಕೈ ಇಳಿಸಲು ಹೊರಟದ್ದೂ ಹೌದು. ಅಷ್ಟರಲ್ಲಿ ಅದು ಯಾವ ವಾದ್ಯ, ಯಾವ ಹೊತ್ತಿನದು ಎಂಬುದು ಅವರಿಗೆ ತಿಳಿಯಿತು. ವೈಶಾಖದಲ್ಲಿ ಕೇಳಬೇಕಾಗಿದ್ದದ್ದು, ಕೇಳದೆ ಉಳಿದದ್ದು, ಈಗ ಎದುರಿಗೆ ನಿಂತು ಕೂಗುತ್ತಿತ್ತು. ಅದನ್ನು ತನ್ನ ಕೈಯಿಂದ ಎರಡನೇ ಸಲ ನಿಲ್ಲಿಸುವುದು ಅವರಿಂದ ಆಗಲಿಲ್ಲ. ಕಣ್ಣೀರು ಗಲ್ಲಕ್ಕೆ ಇಳಿದು ಅಂಗಿಯ ಮೇಲೆ ಬಿತ್ತು. ನೋಡಿದವರು ವಾದ್ಯದವರು ಮಾತ್ರ. ಪಿಟೀಲಿನ ಹುಡುಗಿಯರು ತಲೆ ತಗ್ಗಿಸಿದರು. ಭುಜ ಸೋತ ಮೇಲೆ ಕೈ ತಾನಾಗಿ ಕೆಳಗೆ ಬಂತು. ಸನಾದಿ ನಿಂತಿತು. ಆಮೇಲೆ ಮಡಿವಾಳಪ್ಪನ ಮುಖ ನೋಡುವ ಹಾಗಿರಲಿಲ್ಲ.

ಉಳಿದ ಭಾಗವನ್ನು ನುಡಿಸಿದರು. ಅದು ಚೆನ್ನಾಗಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಮಾಸ್ತರಿಗೆ ಒಂದು ಸ್ವರವೂ ನೆನಪಿಲ್ಲ. ನೆಂಟರು ವೇದಿಕೆಗೆ ಹತ್ತಿ ಬಂದು, "ಆ ಗಟ್ಟಿಮೇಳ ಒಂದು ಬಂತಲ, ಅದು ಅರ್ಥ ಆತು ನೋಡು," ಎಂದು ಬೆನ್ನು ತಟ್ಟಿ ಬಸ್ಸಿಗೆ ಹೊರಟರು.

ಜನ ಕರಗಿದ ಮೇಲೆ ಮಡಿವಾಳಪ್ಪ ಬಂದ. ಸನಾದಿಯನ್ನು ಚೀಲಕ್ಕೂ ಹಾಕದೆ ಕೈಯಲ್ಲೇ ಹಿಡಿದಿದ್ದ.

"ತಪ್ಪಾತ್ರಿ ಮಾಸ್ತರ್ರ. ಕೈ ಮ್ಯಾಲೆ ಹೋದದ್ದು ಕಂಡಿದ್ದಷ್ಟ. ಉಸಿರು ತಾನಾ ಹೊಂಟ್ಹೋತ್ರಿ."

"ಕೈ ಎತ್ತಿದ್ದು ನಾನು. ನಿಂದೆಂತ ತಪ್ಪು?"

"ಇಲ್ರಿ. ಬ್ಯಾರೆ ಯಾರದರ ಮುಂದ ಆಗಿದ್ರ ಮಾತ ಬ್ಯಾರೆ. ನಿಮ್ಮ ಮಗಳ ಲಗ್ನಕ್ಕ ಊದತೀನಂತ ವೀಳ್ಯ ಹಿಡದಾಂವ ನಾ. ಆ ವರ್ಷ ಆ ಮುಹೂರ್ತಕ್ಕ ಬ್ಯಾರೆ ಕಡೆಯಿಂದ ಕರೀಲಿಕ್ಕ ಬಂದಿದ್ರು. ಹೋಗಲಿಲ್ರಿ. ಮನ್ಯಾಗ ಕುಂತ್ನಿ. ಇವತ್ತ ಹಿಂಗ ಮಾಡಿದೆ ನೋಡ್ರಿ."

ಅವನು ಅವತ್ತು ಮನೆಯಲ್ಲಿ ಕೂತದ್ದು ಮಾಸ್ತರಿಗೆ ಗೊತ್ತಿರಲಿಲ್ಲ. ಅವನ ಭುಜ ಹಿಡಿದು ನಿಂತರು. ಆಗಲೇ ಉಲ್ಲಾಸ ಮೊಬೈಲು ಹಿಡಿದುಕೊಂಡು ಬಂದ. "ಸರ್, ಯಲ್ಲಾಪುರದಿಂದ," ಎಂದು ಕೊಟ್ಟು ದೂರ ಹೋದ.

"ಹಲೋ," ಎಂದರು.

"ಆನು," ಎಂದಳು ವೇದಾ.

"ಹ್ಞಾ."

"ಗಟ್ಟಿಮೇಳ ಹಾಕ್ಸಿದ್ರಿ."

ಮಾಸ್ತರು ಬಾಯಿ ತೆರೆದರು. ಅದು ತಪ್ಪಿ ಆದದ್ದು, ಅಲ್ಲಿ ಇದ್ದದ್ದು ಬೇರೆ, ಅಲ್ಲಿ ಏನೂ ಇರಲಿಲ್ಲ, ಆ ಏನೂ ಇಲ್ಲದ್ದೇ ನಿನಗೆಂದು ಇಟ್ಟದ್ದು ಎಂದು ಹೇಳಬೇಕಿತ್ತು. ಅವಳೇ ಮುಂದುವರಿಸಿದಳು.

"ಎಂಗೆ ನಿಂಗಳ ಬೆನ್ನಷ್ಟೇ ಕಾಣ್ತಿತ್ತು. ಎಲ್ಲ ನಿಂತು ಹೋತು. ಕೈ ಎತ್ತಿದ್ರಿ. ಆನು ಎದ್ದು ನಿಂತ್ಗಂಡಿ. ಕೂಸಿನ ಮದುವೆ ನಿಂಗಕ್ಕೆ ಮರ್ತೇ ಹೋಯ್ದು ಹೇಳಿ ಆನು ತಿಳ್ಕಂಡಿದ್ದಿ. ಬರೀ ಕಾರ್ಯಕ್ರಮ ಒಂದೇ ನೆನಪಿದ್ದು ಹೇಳಿ."

"ವೇದಾ..."

"ಅದು ನಿಂಗವೇ ಬರೆದದ್ದ?"

ಮಾಸ್ತರು ತಲೆ ಎತ್ತಿದರು. ಎದುರಿಗೆ ಮಡಿವಾಳಪ್ಪ ಇನ್ನೂ ಅಪರಾಧಿಯ ಹಾಗೆ ನಿಂತಿದ್ದ. ಆರು ವರ್ಷ ತಾನು ಹುಡುಕಿದ್ದು ಅವಳನ್ನು ಮುಟ್ಟಲೇ ಇಲ್ಲ, ಮುಟ್ಟಿದ್ದು ತನ್ನದಲ್ಲ ಎಂಬುದು ಅವರಿಗೆ ತಿಳಿಯಿತು. ನಿಜ ಹೇಳಿದರೆ ಅವಳ ಕೈಯಲ್ಲಿ ಏನೂ ಉಳಿಯುವುದಿಲ್ಲ.

"ಹ್ಞೂ," ಎಂದರು. "ಆನೇ ಬರೆದದ್ದು."

ಆಚೆ ಕಡೆ ಅವಳು ಅತ್ತಳು. ಮಣಿಪಾಲದ ಆಸ್ಪತ್ರೆಯ ಬಾಗಿಲಲ್ಲಿ ಅಳದವಳು, ಹದಿಮೂರು ದಿನ ಒಂದು ಹನಿ ಹಾಕದವಳು, ಈಗ ತಡೆಯಿಲ್ಲದೆ ಅತ್ತಳು. ಮಾಸ್ತರು ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕೇಳುತ್ತ ನಿಂತರು. ಬಹಳ ಹೊತ್ತಿನ ಮೇಲೆ ಅವಳು ಮೂಗು ಒರೆಸಿಕೊಂಡ ಸದ್ದಾಯಿತು.

"ಮತ್ತೊಂದು ಸಲ ಬಾರಿಸ್ತ್ರ? ಕಂಪ್ಯೂಟರಲ್ಲಿ ಬೇಡ. ಆನೇ ಅಲ್ಲಿಗೆ ಬಂದು ಎದುರಿಗೆ ಕೂತು ಕೇಳವು."

"ಬಾರಿಸ್ತೆ."

"ಅದು ಇರ್ತಲ?"

"ಇರ್ತು."

ಮೊಬೈಲನ್ನು ಉಲ್ಲಾಸನಿಗೆ ಕೊಟ್ಟು ಮಾಸ್ತರು ವೇದಿಕೆಯ ಮೆಟ್ಟಿಲ ಮೇಲೆ ಕೂತರು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಹಾಲಿನ ಕೆಲಸದವರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಮಾಸ್ತರು ಸ್ವರಲಿಪಿಯ ಹಾಳೆಗಳನ್ನು ತೊಡೆಯ ಮೇಲೆ ಹರವಿ, ನಡುವಿನ ಹಾಳೆಯನ್ನು ಮೇಲಕ್ಕೆ ತೆಗೆದು, ಜೇಬಿನಿಂದ ಪೆನ್ನು ತೆಗೆದರು.

"ಮಡಿವಾಳಪ್ಪ, ಬಾ ಇಲ್ಲಿ. ಆಗ ಊದಿದ್ದನ್ನ ಇನ್ನೊಂದು ಸಲ ಊದು. ಬರ್ಕೊಳ್ತೇನೆ."

ಮಡಿವಾಳಪ್ಪ ಅವರ ಮುಖವನ್ನೇ ನೋಡಿದ. "ಗಟ್ಟಿಮ್ಯಾಳ ಬರ್ಕೊಳ್ಳಾಕ ಬರೂದಿಲ್ರಿ."

"ಒಂದೊಂದೇ ಸ್ವರ ಊದು. ನಿಧಾನ."

"ನಿಧಾನ ಊದಿದ್ರ ಅದು ಗಟ್ಟಿಮ್ಯಾಳ ಹೆಂಗ ಆದೀತ್ರಿ?"

"ಆಗ್ಲಿ. ಊದು."

ಮಡಿವಾಳಪ್ಪ ಕೆಳಗಿನ ಮೆಟ್ಟಿಲ ಮೇಲೆ ಕೂತು, ಸನಾದಿಯ ಪೀಪಿ ನಾಲಿಗೆಯಿಂದ ಒದ್ದೆ ಮಾಡಿಕೊಂಡು, ಮೊದಲನೆಯ ಸ್ವರ ಹಿಡಿದ. ಮಾಸ್ತರು ಅದನ್ನು ಬರೆದು ತಲೆಯಾಡಿಸುವವರೆಗೂ ಬಿಡಲಿಲ್ಲ. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ಡೋಲಿಲ್ಲದೆ, ಜನರಿಲ್ಲದೆ, ಅಷ್ಟು ನಿಧಾನವಾಗಿ ಆ ಮೇಳವನ್ನು ಯಾರೂ ಕೇಳಿರಲಿಲ್ಲ. ಕುರ್ಚಿ ಪೇರಿಸುತ್ತಿದ್ದವರು ಕೈಯಲ್ಲಿದ್ದದ್ದನ್ನು ಸದ್ದಾಗದ ಹಾಗೆ ಕೆಳಗಿಟ್ಟರು.